ಕರಿಗೋಟು ಬಲ್ಲವರ ಕರಿಮಣಿ

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯದ ಕೃಷಿಕರಿಗೆ ಅಡಿಕೆಯಲ್ಲಿ ಟೋಪಿ ಹಾಕುವವ ಇನ್ನೂ ಹುಟ್ಟಿಲ್ಲ. ಬೊಗಸೆಯಲ್ಲಿ ಎತ್ತಿದರೆ ಸಾಕು. ಇದು ಪಟೋರ, ಇದು ಉಳ್ಳಿಗಡ್ಡೆ, ಇದು ಕರಿಗೋಟು ಎಂದು ಬೇರೆ ಮಾಡಿಬಿಡುತ್ತಾರೆ. ಅನುಮಾನ ಬಂದರೆ ಅಡಕತ್ತರಿ ಇದ್ದೇ ಇದೆ. ವ್ಯಾಪಾರಿಗಳ ಆಟ ಸಾಕಾಯಿತೆಂದು ಎರಡು ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಅಡಿಕೆ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ ಸೀಮೆ ಇದು.

ಅದೇ ಜನ ಮಗನ ಮದುವೆಗೆಂದು ಪೇಟೆಯ ಎಸಿ ಅಂಗಡಿಗೆ ಹೋಗುತ್ತಾರೆ. ಗಾಜಿನ ಮಣಿಯನ್ನು ಚಿನ್ನದ ದರಕ್ಕೆ ಕೊಳ್ಳುತ್ತಾರೆ. ಕೊಟ್ಟ ಜ್ಯೂಸ್ ಕುಡಿದು, ಕೈಮುಗಿದು ಬರುತ್ತಾರೆ.

ನಾನೂ ಹೋಗಿದ್ದೆ. ತಮ್ಮನ ಮಗನ ಮದುವೆ. ಕರಿಮಣಿ ಸರವನ್ನು ನೂಲು ಸಮೇತ ತಕ್ಕಡಿಗೆ ಇಟ್ಟರು. ಗಾಳಿ ತಾಗಬಾರದೆಂದು ಗಾಜಿನ ಬಾಗಿಲು ಬೇರೆ ಹಾಕಿದರು. ಗಾಳಿಯ ತೂಕ ಸೇರಬಾರದು, ಗಾಜಿನದ್ದು ಸೇರಬಹುದು.

“ಮಣಿಯ ತೂಕ ಕಳೆದಿಲ್ಲವಲ್ಲ?” ಎಂದೆ.

“ಅದೆಲ್ಲ ಎಷ್ಟು ಬರ್ತದೆ ಭಟ್ರೇ? ಕರಿಮಣಿ ವಿಷಯದಲ್ಲಿ ಲೆಕ್ಕ ನೋಡ್ಬಾರ್ದು.”

ಹೇಳಿದವರ ಕೈಯಲ್ಲಿ ಕ್ಯಾಲ್ಕುಲೇಟರ್ ಇತ್ತು.

ತಮ್ಮ ನನ್ನ ಅಂಗಿ ಜಗ್ಗಿದ. “ಸುಮ್ನಿರು ಅಣ್ಣ, ಶುಭಕಾರ್ಯ.” ಕಳೆದ ತಿಂಗಳು ಎರಡು ಕಿಲೋ ಕರಿಗೋಟಿಗಾಗಿ ಅರ್ಧ ದಿನ ಜಗಳಾಡಿದವನು ಇವನೇ.

ಚಿನ್ನದೊಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರ ಜೂನ್‌ನಲ್ಲಿ. 2023ರ ಏಪ್ರಿಲ್ 1ರಿಂದ ಅಕ್ಷರ, ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಗುರುತು ಸಂಖ್ಯೆ ಇಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಒತ್ತಿದರೆ ಒಡವೆಯ ಜಾತಕ ಬರುತ್ತದೆ. ಹುಡುಗ ಹುಡುಗಿಯ ಜಾತಕವನ್ನು ಮೂರು ಕಡೆ ತೋರಿಸುತ್ತೇವೆ. ಇದನ್ನು ಒಮ್ಮೆಯೂ ಇಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕ್ಯಾರೆಟ್ ಬರೆಯಲೇಬೇಕು. ಬರೆಯಲು ಬಿಲ್ಲಾದರೂ ಬೇಕಲ್ಲ! ಶೇ. 3 ಜಿಎಸ್‌ಟಿ ಉಳಿಯಿತೆಂದು ತುಂಡು ಕಾಗದ ಮಡಚಿ ಕಿಸೆಗೆ ಹಾಕುವವರು ನಾವು. ಬಿಲ್ಲು ಕನ್ನಡದಲ್ಲಿಲ್ಲ ಎಂದು ಸಭೆ ಸೇರುವವರೂ ನಾವೇ.

ಈ ಹಾಲ್‌ಮಾರ್ಕ್ ಒಡವೆಯ ಚಿನ್ನಕ್ಕೆ ಮಾತ್ರ. ಮಣಿಗೆ ಸಾಕ್ಷಿ ಹೇಳುವವರಿಲ್ಲ.

ನೆರೆಮನೆಯವರು ಪ್ರಶ್ನೆ ಇಡಿಸಿದರು. ಕುಜದೋಷ ಕಂಡಿತು. ಹವಳ ಧರಿಸಬೇಕಂತೆ. ಕೆಂಪು ಹವಳ ಹೆಚ್ಚಾಗಿ ಬರುವುದು ಮೆಡಿಟರೇನಿಯನ್ ಸಮುದ್ರದಾಳದಿಂದ. ಇವರಿಗೆ ಜಾತ್ರೆ ಸಂತೆಯಲ್ಲಿ ಇನ್ನೂರು ರೂಪಾಯಿಗೆ ಸಿಕ್ಕಿತು, ಒಂದು ಸರವಲ್ಲ, ಎರಡು. ನೇಲ್ ಪಾಲಿಶ್ ತೆಗೆಯುವ ನೀರಿಗೆ ಹತ್ತಿ ಅದ್ದಿ ಒರೆಸಿ ನೋಡಿ ಎಂದೆ. ಬಣ್ಣ ಹಾಕಿದ್ದಾದರೆ ಹತ್ತಿ ಕೆಂಪಾಗುತ್ತದೆ. ಮಣಿಯ ತೂತಿನ ಸುತ್ತ ಬಣ್ಣ ಗಟ್ಟಿ ನಿಂತಿದ್ದರೆ ಹತ್ತಿಯೂ ಬೇಡ. “ದೇವರ ವಿಷಯ, ಪರೀಕ್ಷೆ ಮಾಡ್ಬಾರ್ದು” ಎಂದರು. ಬೆವರು ಪರೀಕ್ಷೆ ಮಾಡಿತು. ಕುಜ ಶಾಂತನಾದನೋ ಇಲ್ಲವೋ, ಬಿಳಿ ಬನಿಯನ್ನಿನ ಕೊರಳು ಮಾತ್ರ ಕೆಂಪಾಗಿದೆ.

ಇನ್ನೊಬ್ಬರಿದ್ದಾರೆ. ವಿದೇಶಿ ಅಡಿಕೆ ಬರಬಾರದೆಂದು ಮೈಕಿನ ಮುಂದೆ ಗಂಟಲು ಹರಿದುಕೊಳ್ಳುವವರು. ಮನೆಯವರ ಕೊರಳಲ್ಲಿ ಮುತ್ತಿನ ಸರ. ಲೋಕದ ಸಿಹಿನೀರು ಮುತ್ತಿನ ಬಹುಪಾಲು ಚೀನಾದ್ದು. ಅದಾದರೂ ಆಗಿದ್ದರೆ ನನಗೆ ಸಂತೋಷವಿತ್ತು. ನಿಜ ಮುತ್ತನ್ನು ಹಲ್ಲಿಗೆ ಮೆಲ್ಲನೆ ಉಜ್ಜಿದರೆ ಸಣ್ಣ ಹೊಯ್ಗೆಯ ಹಾಗೆ ತರಿತರಿ ಹತ್ತುತ್ತದೆ. ಗಾಜು, ಪ್ಲಾಸ್ಟಿಕ್ ಜಾರುತ್ತವೆ. ಎಲ್ಲ ಮುತ್ತೂ ಅಚ್ಚು ಹೊಡೆದಂತೆ ಒಂದೇ ಆಗಿದ್ದರೆ ಅದು ಅಚ್ಚು ಹೊಡೆದದ್ದೇ. ಒಳ್ಳೆಯ ಸರದಲ್ಲಿ ಮುತ್ತಿಗೊಂದು ಗಂಟು ಇರುತ್ತದೆ. ನೂಲು ಹರಿದರೂ ಒಂದೇ ಉದುರೀತು. ಇವರ ಸರದಲ್ಲಿ ಗಂಟಿಲ್ಲ. ಅಂಗಡಿಯಲ್ಲಿ ಮುತ್ತನ್ನು ಹಲ್ಲಿಗೆ ಉಜ್ಜುವುದು ಮರ್ಯಾದೆಯಲ್ಲವಂತೆ. ಅಡಿಕೆ ಅಂಗಡಿಯಲ್ಲಿ ಕಚ್ಚಿ ಉಗಿಯುವುದು ಮರ್ಯಾದೆ.

ಜಪಮಾಲೆಯಲ್ಲಿ 108 ಮಣಿ. ತಸ್ಬೀಹ್‌ನಲ್ಲಿ 99. ರೋಸರಿಯಲ್ಲಿ 59. ಭೇದವೆಲ್ಲ ಲೆಕ್ಕದಲ್ಲಿ. ಪ್ಲಾಸ್ಟಿಕ್ ಒಂದೇ. ನಮ್ಮ ಜಿಲ್ಲೆಯಲ್ಲಿ ಮತಸೌಹಾರ್ದ ಇಲ್ಲವೆಂದವರು ಯಾರು?

ಕಳೆದ ವಾರ ತಮ್ಮನ ಸೊಸೆ ಕರಿಮಣಿಯ ಡಿಸೈನ್ ಬದಲಿಸಬೇಕೆಂದಳು. ಅದೇ ಅಂಗಡಿ, ಅದೇ ಜ್ಯೂಸ್, ಅದೇ ತಕ್ಕಡಿ. ಈ ಸಲ ಮೊದಲು ನೂಲು ಕತ್ತರಿಸಿದರು. ಮಣಿಗಳನ್ನು ಒಂದೊಂದಾಗಿ ಬೇರ್ಪಡಿಸಿದರು. ಚಿನ್ನವನ್ನಷ್ಟೇ ತೂಗಿದರು.

ಮಣಿಗಳನ್ನು ಪೊಟ್ಟಣ ಕಟ್ಟಿ ನಮ್ಮ ಕೈಗೇ ಕೊಟ್ಟರು.