ಕಾಲಿಲ್ಲದ ಹಲ್ಲಿಯ ಕೊರತೆ

ಕೊಡಗಿನ ಕೊರತೆಗಳನ್ನು ಪಟ್ಟಿ ಮಾಡಲು ಕೂತವರು ಮೊದಲು ರೈಲು ಬರೆಯುತ್ತಾರೆ, ಆಮೇಲೆ ವಿಮಾನ ನಿಲ್ದಾಣ. ನನ್ನ ಪಟ್ಟಿಯಲ್ಲಿ ಇವೆರಡಕ್ಕಿಂತ ಮೇಲೆ ಇರುವುದು ಕಾಲಿಲ್ಲದ ಹಲ್ಲಿ. ನಮ್ಮಲ್ಲಿ ಆನೆ ಬೇಡವೆಂದರೂ ತೋಟಕ್ಕೆ ಬರುತ್ತದೆ. ಕಕ್ಕಡದ ಮಳೆಯಲ್ಲಿ ಜಿಗಣೆಗೆ ಲೆಕ್ಕವಿಲ್ಲ. ಹಲ್ಲಿಯ ಬಳಗದಲ್ಲೂ ನಾವೇನು ಬಡವರಲ್ಲ: ಒಡ್ಡಿನ ಮೇಲೆ ಬಿಸಿಲು ಕಾಯಿಸುವ ಹಾವುರಾಣಿಯಿದೆ, ಮರದಿಂದ ಮರಕ್ಕೆ ತೇಲುವ ಹಾರುವ ಓತಿಯಿದೆ. ಹಾರುವ ಓತಿಯ ಪುಣ್ಯ, ಅದಕ್ಕೆ ತೇಜಸ್ವಿ ಸಿಕ್ಕರು, ‘ಕರ್ವಾಲೊ’ ಬಂತು. ಕಾಲು ಕಳೆದುಕೊಂಡವುಗಳ ಪರವಾಗಿ ಮಾತಾಡಲು ನನ್ನಂಥ ಕಾಫಿ ಬೆಳೆಗಾರನೇ ಗತಿ.

ಹೊಟ್ಟೆಕಿಚ್ಚಿಗೆ ಕಾರಣವಿದೆ. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ಎಂಬ ಪುಟ್ಟ ದ್ವೀಪದಿಂದ ನೆಲ್ಸನ್ ಅನ್ನಂಡೇಲ್ 1917ರಲ್ಲಿ ಒಂದು ಕಾಲಿಲ್ಲದ ಹಲ್ಲಿಯನ್ನು ಲೋಕಕ್ಕೆ ಪರಿಚಯಿಸಿದರು. ಅದು ನಮ್ಮ ಹಾವುರಾಣಿಯದೇ ಮನೆತನ. ಕಾಲು ಮಾತ್ರ ಒಂದೂ ಇಲ್ಲ. ಪೂರ್ವಘಟ್ಟದಲ್ಲಿ ಇನ್ನೊಂದಿದೆ, ಬೆಡ್ಡೋಮ್ 1870ರಲ್ಲೇ ಹೆಸರಿಟ್ಟ ಸೆಪ್ಸೋಫಿಸ್. ಈಶಾನ್ಯದ ಬೆಟ್ಟಗಳಲ್ಲಿ ಗಾಜುಹಲ್ಲಿಯಿದೆ, ಅಪಾಯ ಬಂದಾಗ ಬಾಲವನ್ನು ಮುರಿದು ಬಿಟ್ಟು ಓಡುತ್ತದೆ. ಜೀವವೈವಿಧ್ಯ ಎಂದು ಊರೆಲ್ಲ ಡಂಗುರ ಹೊಡೆಸಿಕೊಳ್ಳುವ ಪಶ್ಚಿಮ ಘಟ್ಟದವರಿಗೆ ಮಾತ್ರ ಕೈ!

ಹೊರದೇಶದವರ ಸಿರಿ ಕೇಳಲೇಬೇಡಿ. ಯುರೋಪಿನ ‘ಸ್ಲೋ ವರ್ಮ್’ ಒಂದು ಕೋಪನ್‌ಹೇಗನ್ ಮೃಗಾಲಯದಲ್ಲಿ 54 ವರ್ಷ ಬಾಳಿತಂತೆ. ನಮ್ಮ ರೊಬಸ್ಟಾ ಗಿಡಕ್ಕೂ ಅಷ್ಟು ವಯಸ್ಸಾದರೆ ಕಿತ್ತು ಹೊಸದು ನೆಡುವ ಯೋಚನೆ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಒಮ್ಮೆಲೇ ನಾಲ್ಕು ಹೊಸ ಬಗೆಗಳನ್ನು ಹೆಸರಿಸಿದರು. ಅದರಲ್ಲೊಂದು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಪಕ್ಕದ ಮರಳುದಿಬ್ಬದಲ್ಲೇ ಸಿಗುತ್ತದೆ. ಇದನ್ನು ಓದಿದ ಮೇಲೆ, ವಿಮಾನ ನಿಲ್ದಾಣ ಬೇಡ ಎನ್ನುವವರ ಗುಂಪಿನಿಂದ ನಾನು ಸ್ವಲ್ಪ ದೂರ ಸರಿದು ನಿಂತಿದ್ದೇನೆ.

ಮಣ್ಣೊಳಗೆ, ಹುಲ್ಲಿನ ಬುಡದಲ್ಲಿ ನುಸುಳುವವರಿಗೆ ಕಾಲು ಅಡ್ಡ. ಹೀಗಾಗಿ ಬೇರೆ ಬೇರೆ ಹಲ್ಲಿಕುಲಗಳು ಒಂದನ್ನೊಂದು ಕೇಳದೆ, ಇಪ್ಪತ್ತಕ್ಕೂ ಹೆಚ್ಚು ಸಲ ಕಾಲಿಗೆ ವಿದಾಯ ಹೇಳಿವೆ. ಹಾವಿಗೂ ಇವಕ್ಕೂ ವ್ಯತ್ಯಾಸ ತಿಳಿಯುವ ಉಪಾಯವನ್ನು ಪುಸ್ತಕಗಳು ಬಹಳ ಸರಾಗವಾಗಿ ಹೇಳುತ್ತವೆ: ಕಣ್ಣು ಮಿಟುಕಿಸಿದರೆ ಹಲ್ಲಿ, ಮಿಟುಕಿಸದಿದ್ದರೆ ಹಾವು. ಮಿಟುಕಿಸುವವರೆಗೆ ಮೂಗಿನ ಹತ್ತಿರ ಕೂತು ಕಾಯುವವರು ಯಾರು ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ಸಾಲದ್ದಕ್ಕೆ ಆಸ್ಟ್ರೇಲಿಯಾದಲ್ಲಿ ನಮ್ಮ ಗೋಡೆ ಹಲ್ಲಿಯ ನೆಂಟರೇ ಕಾಲು ಬಿಟ್ಟಿದ್ದಾರೆ; ಅವಕ್ಕೆ ರೆಪ್ಪೆಯೇ ಇಲ್ಲ, ನಾಲಗೆಯಿಂದ ಕಣ್ಣು ಒರೆಸಿಕೊಳ್ಳುತ್ತವೆ. ಅಲ್ಲಿ ಕಿವಿಯ ತೂತು ಹುಡುಕಬೇಕು. ಅಂದರೆ ಇನ್ನೂ ಹತ್ತಿರ ಹೋಗಬೇಕು.

ನಮ್ಮ ಮೇಸ್ತ್ರಿಗೆ ಇಷ್ಟೆಲ್ಲ ತೊಂದರೆಯಿಲ್ಲ. ಕಾಲಿಲ್ಲದೆ ಹರಿದದ್ದೆಲ್ಲ ಹಾವು. ತೊಟ್ಟಿಲು ಗುಂಡಿ ತೆಗೆಯುವಾಗ ಮಣ್ಣಿನಿಂದ ಲೋಳೆಲೋಳೆಯಾದ, ಮೈತುಂಬ ಉಂಗುರವಿದ್ದ ಪ್ರಾಣಿಯೊಂದು ಹೊರಬಿತ್ತು. ಗುದ್ದಲಿ ಮೇಲೆದ್ದಿತು. ನಾನು ಅಡ್ಡ ನಿಂತು, “ಅದು ಸಿಸಿಲಿಯನ್ ಮಾರಾಯಾ, ಹಾವಲ್ಲ, ಕಪ್ಪೆಯ ನೆಂಟ” ಅಂದೆ.

“ಕಪ್ಪೆ ಆದ್ರೆ ಕಾಲೆಲ್ಲಿ ಸಾವ್ಕಾರ್ರೆ?”

ಪ್ರಶ್ನೆ ನ್ಯಾಯವಾದದ್ದೇ. ಎರೆಹುಳ ತಿಂದು, ಮೊಟ್ಟೆಯಿಟ್ಟ ಮೇಲೆ ಅದಕ್ಕೆ ಮೈಸುತ್ತಿ ಕಾವಲು ಕಾಯುವ ಈ ಬಡಪಾಯಿ ಯಾರನ್ನೂ ಕಚ್ಚಿ ಕೊಂದದ್ದಿಲ್ಲ. ಪಕ್ಕೆಯಲ್ಲಿ ಹಳದಿ ಪಟ್ಟಿಯಿರುವ ಒಂದು ಜಾತಿಗೆ 2007ರಲ್ಲಿ ವಿಜ್ಞಾನಿಗಳು ಇಕ್ತಿಯೋಫಿಸ್ ಕೊಡಗುಯೆನ್ಸಿಸ್ ಎಂದು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ. ಹಲ್ಲಿ ಸಿಗದ ದುಃಖಕ್ಕೆ ಅಷ್ಟು ಸಮಾಧಾನ. ಇದನ್ನೆಲ್ಲ ಹೇಳಿದೆ, ಗುದ್ದಲಿ ಇಳಿಯಿತು, ಅನುಮಾನ ಇಳಿಯಲಿಲ್ಲ.

ಹುರುಪಿನಲ್ಲಿ ಇನ್ನೂ ಮುಂದೆ ಹೋದೆ. ಹಾವುಗಳು ಹುಟ್ಟಿದ್ದೇ ಹಲ್ಲಿಗಳ ವಂಶದಲ್ಲಿ, ನೆಟ್ಟಗೆ ಲೆಕ್ಕ ಹಾಕಿದರೆ ನಾಗರವೂ ಕಾಳಿಂಗವೂ ಕಾಲಿಲ್ಲದ ಹಲ್ಲಿಗಳೇ, ಹಾಗೆ ನೋಡಿದರೆ ಕೊಡಗಿಗೆ ಯಾವ ಕೊರತೆಯೂ ಇಲ್ಲ ಎಂದೆ. ಮೇಸ್ತ್ರಿ ಎಲೆಯಡಿಕೆ ಉಗಿದು, ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಹಾಗಾದ್ರೆ ಕಾಳಿಂಗ ಮೈಮೇಲೆ ಬಿದ್ರೆ ಪಂಚಾಂಗದಲ್ಲಿ ಹಲ್ಲಿ ಶಕುನ ನೋಡ್ಬೇಕಾ ಸಾವ್ಕಾರ್ರೆ? ಎಡಭುಜದ್ದಾ, ಬಲಭುಜದ್ದಾ?”