ರೋಮಿನ ತಪಾಸಣೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಸರ್ವಿಸ್ ಮುಗಿಸಿ, ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಕಟ್ಟಿಸಿಕೊಂಡು, ಮಗನ ಒತ್ತಾಯಕ್ಕೆ ಯುರೋಪ್ ಟೂರಿಗೆ ಹೊರಟ ದಂಪತಿಯನ್ನು ನೀವು ಬಲ್ಲಿರಿ. ಹೆಸರು ಬೇಕಿಲ್ಲ, ಬೀದಿಗೊಂದು ಜೋಡಿ ಸಿಗುತ್ತದೆ. ರಿಟೈರಾಗಿ ಎಷ್ಟು ವರ್ಷ ಕಳೆದರೂ ಯಜಮಾನರು ಬೀದಿಯವರ ಬಾಯಲ್ಲಿ ‘ಕಾರ್ಖಾನೆಯವರು’. ಯಾವ ಊರಿಗೆ ಹೋದರೂ ತಪಾಸಣೆಗೆ ಬಂದ ಸಾಹೇಬರಂತೆ ಕೈ ಹಿಂದೆ ಕಟ್ಟಿಕೊಂಡೇ ನಡೆಯುವುದು.

ರೋಮಿನಲ್ಲಿ ಮೊದಲ ಸಂಜೆ ವಿಶ್ರಾಂತಿ ಎಂದು ಟೂರಿನವರು ಬರೆದಿದ್ದರು. ವಿಶ್ರಾಂತಿಗೆ ದುಡ್ಡು ಕೊಟ್ಟಿದ್ದೇವೆಯೇ ಎಂದು ಯಜಮಾನರು ಬೂಟು ಹಾಕಿಕೊಂಡರು. ಅಮ್ಮನವರಿಗೆ ದೀಪ ಹಚ್ಚುವ ಹೊತ್ತಿಗೆ ರೂಮಿನಲ್ಲಿರಬೇಕು. “ಕತ್ತಲಾಗೋದರೊಳಗೆ ಬಂದುಬಿಡೋಣ” ಎಂದು ಯಜಮಾನರು ಮಾತು ಕೊಟ್ಟೂಬಿಟ್ಟರು. ಜೂನ್ ತಿಂಗಳಲ್ಲಿ ರೋಮಿನ ಸೂರ್ಯ ರಾತ್ರಿ ಎಂಟೂಮುಕ್ಕಾಲರ ತನಕ ಕದಲುವುದಿಲ್ಲ. ಆ ಹೊತ್ತಿಗೆ ವಿನೋಬನಗರದಲ್ಲಿ ನಡುರಾತ್ರಿ ಕಳೆದಿರುತ್ತದೆ. ಅಮ್ಮನವರ ವಾಚು ಇನ್ನೂ ವಿನೋಬನಗರದಲ್ಲೇ ಇತ್ತು.

ರೋಮಿಗೆ ಹೋದವರೆಲ್ಲ ಕತ್ತೆತ್ತಿ ನಡೆಯುತ್ತಾರೆ. ನಮ್ಮ ಯಜಮಾನರು ತಲೆ ತಗ್ಗಿಸಿ ನಡೆದರು. ರಸ್ತೆಯ ನಡುವಿನ ಮ್ಯಾನ್‌ಹೋಲ್ ಮುಚ್ಚಳದ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿಂದ ತಟ್ಟಿದರು. “ಬೀಡು ಕಬ್ಬಿಣ ಕಣೇ. ಎಸ್‌ಪಿಕ್ಯೂಆರ್ ಅಂತ ಯಾವುದೋ ಫೌಂಡ್ರಿ. ಎರಕ ಪರವಾಗಿಲ್ಲ.” ರೋಮಿನ ಸೆನೆಟ್ಟು ಮತ್ತು ಪ್ರಜೆಗಳು ಎಂಬ ಎರಡು ಸಾವಿರ ವರ್ಷದ ಲಾಂಛನಕ್ಕೆ ಹೀಗೆ ಭದ್ರಾವತಿಯಿಂದ ಪಾಸ್ ಮಾರ್ಕು ಸಿಕ್ಕಿತು. ಹಿಂದಿನಿಂದ ಸ್ಕೂಟರಿನವನೊಬ್ಬ ಹಾರನ್ ಹೊಡೆದು ಇಟಾಲಿಯನ್ನಿನಲ್ಲಿ ಏನೋ ಅಂದ. “ಹೊಗಳ್ತಿದಾನಾ?” ಎಂದರು ಅಮ್ಮನವರು.

ಪ್ಯಾಂಥಿಯನ್ನಿನ ಬಾಗಿಲು ಅಷ್ಟರಲ್ಲಿ ಹಾಕಿತ್ತು. ಹೊರಗಿನ ಕಂಬಕ್ಕೆ ಒರಗಿ ಯಜಮಾನರು ಗೈಡ್ ಪುಸ್ತಕ ಬಿಚ್ಚಿದರು. ಸುಮಾರು 1900 ವರ್ಷ ಹಳೆಯದು, ಗುಮ್ಮಟದ ಅಗಲ 43 ಮೀಟರು, ಪೂರ್ತಿ ಕಾಂಕ್ರೀಟು. ಒಳಗೆ ಒಂದೇ ಒಂದು ಕಂಬಿ ಇಲ್ಲ. ಇದನ್ನು ಓದಿದ ಮೇಲೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉಕ್ಕಿನ ಅನ್ನ ಉಂಡವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. “ಇವರನ್ನ ನೋಡಿ ಎಲ್ಲರೂ ಹೀಗೇ ಕಟ್ಟಿದ್ದಿದ್ರೆ ನಾವು ಹೊಟ್ಟೆಗೇನು ತಿನ್ನಬೇಕಿತ್ತು?” ಎಂದು ಪುಸ್ತಕ ಮುಚ್ಚಿದರು.

ದಾರಿಯಲ್ಲಿ ಬೀದಿ ನಲ್ಲಿ ಸಿಕ್ಕಿತು. ರೋಮಿನಲ್ಲಿ ಇಂಥವು ಹಗಲೂ ರಾತ್ರಿ ಸುರಿಯುತ್ತಿರುತ್ತವೆ, ಕಾಸು ಕೇಳುವವರಿಲ್ಲ. ಅಮ್ಮನವರು ಬೊಗಸೆಯೊಡ್ಡಿ ಕುಡಿದು, “ಥೇಟ್ ತುಂಗೆ ನೀರು ಕಣ್ರೀ” ಅಂದರು. ಅಮ್ಮನವರ ತವರು ಶಿವಮೊಗ್ಗದ ಗಾಂಧಿಬಜಾರಿನ ಹಿಂದಿನ ಬೀದಿ. ತುಂಗಾಪಾನದ ಗಾದೆ ಮೇಲೆ ಬೆಳೆದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬರುವುದಿಲ್ಲ. ಯಜಮಾನರೂ ಒಂದು ಗುಟುಕು ಕುಡಿದು, “ತುಂಗೆ ಎಲ್ಲಿಂದ ಬಂತು? ಇದು ಭದ್ರೆ” ಎಂದರು. ಕೂಡ್ಲಿಯ ಸಂಗಮಕ್ಕೆ ಹೋಗದೆ ಬಗೆಹರಿಯುವ ಜಗಳವಲ್ಲ ಇದು.

ಮುಂದಿನದು ಯಜಮಾನರ ಖಾಸಗಿ ಕಾರ್ಯಕ್ರಮ. ಶಿವಮೊಗ್ಗದಲ್ಲಿ ಯಾವುದೋ ಉಪನ್ಯಾಸದಲ್ಲಿ ಅವರು ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಯಾತ್ರಿಕನ ವಿಷಯ ಕೇಳಿದ್ದರು. ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ 1623ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದು, ಕಂಡದ್ದನ್ನೆಲ್ಲ ಕಾಗದದಲ್ಲಿ ಬರೆದಿಟ್ಟವನು. ಅವನು ನಮ್ಮ ಜಿಲ್ಲೆ ನೋಡಿ ಸರಿಯಾಗಿ ಮುನ್ನೂರು ವರ್ಷಕ್ಕೆ, 1923ರಲ್ಲಿ, ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿಯಿತು. ಇದು ಕಾಕತಾಳೀಯ ಎಂದು ಯಜಮಾನರಿಗೆ ಹೇಳುವ ಧೈರ್ಯ ನನಗಿಲ್ಲ. ಅವನ ಮನೆತನದ ಸಮಾಧಿ ಇರುವುದು ಅರಾಚೇಲಿ ಚರ್ಚಿನಲ್ಲಿ. ಅವನು ಬಂದುಹೋದ ಜಿಲ್ಲೆಯಿಂದ ಯಾರಾದರೂ ಹೋಗಿ ಒಂದು ನಮಸ್ಕಾರ ಹಾಕಬೇಡವೇ?

ಆ ಚರ್ಚಿಗೆ 120ಕ್ಕೂ ಹೆಚ್ಚು ಮೆಟ್ಟಿಲು. ಅರ್ಧಕ್ಕೆ ಅಮ್ಮನವರು ಮಂಡಿ ಹಿಡಿದು ಕೂತರು. ಹತ್ತಿಸುವ ಉಮೇದಿನಲ್ಲಿ ಯಜಮಾನರು ಕಥೆ ತೆಗೆದರು. “ಕೇಳು ಮಾರಾಯ್ತಿ, ಅವನ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವನು ಹೆಣ ಕೆಡದ ಹಾಗೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು, ಭಾರತವೆಲ್ಲ ಸುತ್ತಿ, 1627ರಲ್ಲಿ ಇಲ್ಲಿ ತಂದು ಮಣ್ಣು ಮಾಡಿದ. ಎಂಥ ಪ್ರೀತಿ ನೋಡು!”

ಅಮ್ಮನವರು ನೋಡಿದರು. ಹೆಗಲಿನ ಬ್ಯಾಗು ಇಳಿಸಿ ಯಜಮಾನರ ಮಡಿಲಲ್ಲಿಟ್ಟರು. ಅದರಲ್ಲಿ ಎರಡು ಬಾಟಲಿ ನೀರು, ಚಟ್ನಿಪುಡಿ, ಕೋಡುಬಳೆ, ಇಬ್ಬರ ಮಾತ್ರೆಗಳು ಮತ್ತು ಯಜಮಾನರ ಸ್ವೆಟರು ಇದ್ದವು. “ಅವನು ಸತ್ತ ಹೆಂಡತೀನ ಐದು ವರ್ಷ ಹೊತ್ತ. ನೀವು ಬದುಕಿರೋಳ ಬ್ಯಾಗನ್ನ ಅರವತ್ತು ಮೆಟ್ಟಿಲು ಹೊರ್ರಿ.”

ಹೊತ್ತರು. ಮೇಲೆ ಹೋದರೆ ಚರ್ಚಿನ ಬಾಗಿಲೂ ಮುಚ್ಚಿತ್ತು.

ಗುಡ್ಡದ ಹಿಂಬದಿಗೆ ಬಂದಾಗ ಕೆಳಗೆ ಹಳೆಯ ಫೋರಮ್ಮಿನ ಹಾಳು ಚಾಚಿಕೊಂಡಿತ್ತು. ಮುರಿದ ಕಂಬ, ಬಿದ್ದ ಗೋಡೆ, ಸಂಜೆಗೆಂಪು. ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. ಯಜಮಾನರು ಕೋಡುಬಳೆ ಮುರಿಯುತ್ತ, “ಇಳಿದು ನೋಡೋಕೆ ಟಿಕೆಟ್ಟಂತೆ” ಎಂದರು. “ಕೆಲಸ ನಿಂತುಹೋದ ಜಾಗಕ್ಕೆಲ್ಲ ಟಿಕೆಟ್ ಇಡಬಹುದು ಅಂತಾದ್ರೆ ನಮ್ಮ ಪೇಪರ್ ಮಿಲ್ಲು ಇವತ್ತೇ ಲಾಭಕ್ಕೆ ಬರುತ್ತೆ.” 1936ರಲ್ಲಿ ಹುಟ್ಟಿದ ಆ ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರಿನವರು ಮಾತ್ರ ಆಡಬಹುದಾದ ತಮಾಷೆ ಇದು. ಅಮ್ಮನವರು ನಗಲಿಲ್ಲ. ಇನ್ನೊಂದು ಕೋಡುಬಳೆ ಕೊಟ್ಟರು.

ಈಗ ಊರಿಗೆ ಬಂದಿದ್ದಾರೆ. ಪಾರ್ಕಿನಲ್ಲಿ ಯಜಮಾನರು ಮ್ಯಾನ್‌ಹೋಲ್ ಮುಚ್ಚಳದ ಫೋಟೋ ತೋರಿಸಿ ಇಕ್ಕೇರಿಗೆ ಬಂದ ರೋಮಿನವನ ಕಥೆ ಹೇಳುತ್ತಾರೆ. ನಿಮಗೂ ಹೇಳುತ್ತಾರೆ, ಕೇಳಿ. ಕೇಳಿಯಾದ ಮೇಲೆ ಅಮ್ಮನವರನ್ನೂ ಒಂದು ಮಾತು ವಿಚಾರಿಸಿ. ಶಿವಮೊಗ್ಗದಿಂದ ಇಕ್ಕೇರಿಗೆ ಸಾಗರದ ಮೇಲೆ ಹೋದರೆ ಹೆಚ್ಚೆಂದರೆ 80 ಕಿಲೋಮೀಟರು. ಮದುವೆಯಾದಾಗಿನಿಂದ ಯಜಮಾನರು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿಲ್ಲ.