ನಾಮಸಾಮ್ಯ ಸಿದ್ಧಾಂತ: ಕಡೂರು ಸೀಮೆಯ ಮಟ್ಟಿಗೆ ಒಂದು ಮಹಾಪ್ರಬಂಧ

ಎರಡು ಊರಿಗೆ ಒಂದೇ ಹೆಸರಿದ್ದರೆ, ಒಂದರ ಜನ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದಕ್ಕೆ ಹೋಗಿರಲೇಬೇಕು. ಇದು ನಮ್ಮ ಶಾಸ್ತ್ರದ ಮೂಲಸೂತ್ರ. ಸ್ಪೇನಿನಲ್ಲೊಂದು ಗಲೀಷಿಯಾ, ಪೋಲೆಂಡ್-ಉಕ್ರೇನ್ ಕಡೆ ಇನ್ನೊಂದು ಗಲೀಷಿಯಾ. ಎರಡಕ್ಕೂ ನಂಟಿಲ್ಲ ಎನ್ನುವ ಪಂಡಿತರಿದ್ದಾರೆ. ಪಾಪ, ಅವರು ಅಜ್ಜಂಪುರ ನೋಡಿದವರಲ್ಲ.

ಅಜ್ಜಂಪುರ ತಾಲ್ಲೂಕಿನಲ್ಲಿ ಶಿವನಿ ಇದೆ, ಮಧ್ಯಪ್ರದೇಶದಲ್ಲಿ ಸಿವನಿ ಇದೆ. 1894ರ ‘ಜಂಗಲ್ ಬುಕ್’ನಲ್ಲಿ ಕಿಪ್ಲಿಂಗ್ ಸಾಹೇಬ ಮೌಗ್ಲಿಯನ್ನು ತೋಳಗಳ ಮಡಿಲಿಗೆ ಹಾಕಿದ್ದು ಆ ಸಿವನಿಯ ಗುಡ್ಡಗಳಲ್ಲಿ. ಆದರೆ ಮೌಗ್ಲಿ ಎಮ್ಮೆ ಕಾದವನು. ಎಮ್ಮೆ ಮೇಯಲು ಕಾವಲು ಬೇಕು. ಕಾವಲಿಗೆ ಕಡೂರು, ಬೀರೂರು, ಅಜ್ಜಂಪುರಗಳಷ್ಟು ಹೆಸರಾದ ಸೀಮೆ ಯಾವುದಿದೆ? ಬಾಸೂರು ಕಾವಲಿನಲ್ಲಿ ಇವತ್ತಿಗೂ ಕೃಷ್ಣಮೃಗ ಓಡಾಡುತ್ತದೆ. ಆದ್ದರಿಂದ ಮೌಗ್ಲಿ ನಮ್ಮವನೇ. ಮನೆಯಲ್ಲಿ ಮೂಗಪ್ಪ ಎಂದು ಕರೆಯುತ್ತಿದ್ದಿರಬೇಕು.

ಇನ್ನು ಅಮೃತಕ್ಕೆ ಬರೋಣ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಗುಡಿ ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ದಂಡನಾಯಕನಿಗೂ ದನಗಳಿಗೂ ನಡುವೆ ಸುಮಾರು ಆರುನೂರು ವರ್ಷ ಇದೆಯಲ್ಲ ಎಂಬುದು ಪೂರ್ವಪಕ್ಷ. ಉತ್ತರ: ಅದೇ ಗುಡಿಯ ಮಂಟಪದ ಗೋಡೆಯಲ್ಲಿ ರಾಮಾಯಣ, ಮಹಾಭಾರತಗಳ ಜೊತೆಗೆ ಭಾಗವತದ ಫಲಕಗಳೂ ಇವೆ. ಭಾಗವತ ಎಂದರೆ ಕೃಷ್ಣ, ಕೃಷ್ಣ ಎಂದರೆ ಬೆಣ್ಣೆ, ಬೆಣ್ಣೆ ಎಂದರೆ ಬೆಣ್ಣೆಚಾವಡಿ. ಇದಕ್ಕಿಂತ ಹೆಚ್ಚಿನ ಶಾಸನಾಧಾರ ಕೇಳುವುದು ಸೌಜನ್ಯವಲ್ಲ.

ಬೆಣ್ಣೆ ಸಿಕ್ಕ ಮೇಲೆ ಚೀಸ್ ಎಷ್ಟು ದೂರ? ನಮ್ಮಲ್ಲಿ ಊರಿಗೊಬ್ಬ ಗೌಡ. ಬಂಗಾಳದಲ್ಲಿ ಗೌಡದೇಶವೇ ಇತ್ತು. ಗೋವೆ, ಕರಾವಳಿಯಲ್ಲಿ ಗೌಡ ಸಾರಸ್ವತರಿದ್ದಾರೆ. ನೆದರ್ಲೆಂಡ್ಸಿನ ಗೌಡ ಎಂಬ ಊರಂತೂ ಚೀಸಿಗೇ ಪ್ರಸಿದ್ಧ. ಡಚ್ಚರು ಆ ಹೆಸರನ್ನು ಗಂಟಲಿನಿಂದ ಹೇಳಿದಾಗ ಕನ್ನಡದ ಕಿವಿಗೆ ‘ಹೌದಾ?’ ಎಂದಂತೆಯೇ ಕೇಳುತ್ತದೆ. ಈ ಸಿದ್ಧಾಂತ ಕೇಳಿದವರೆಲ್ಲ ಅದನ್ನೇ ಅನ್ನುತ್ತಾರೆ.

ಕಡೂರೊಂದೇ ಸಿದ್ಧಾಂತಕ್ಕೆ ಒಗ್ಗುತ್ತಿಲ್ಲ. 1947ರವರೆಗೆ ಇಡೀ ಜಿಲ್ಲೆಯ ಹೆಸರು ಕಡೂರು, ಕಚೇರಿ ಮಾತ್ರ ಚಿಕ್ಕಮಗಳೂರಿನಲ್ಲಿ. ಕೊನೆಗೆ ಕಚೇರಿ ಇದ್ದ ಊರಿನ ಹೆಸರೇ ಜಿಲ್ಲೆಗೂ ಬಂತು. ಜನ ಯಾರೂ ಕದಲಲಿಲ್ಲ. ಹಾಗಾದರೆ ಹೆಸರು ಓಡಾಡುವುದು ಜನರ ಬೆನ್ನಿಗಲ್ಲ, ಫೈಲಿನ ಬೆನ್ನಿಗೆ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಪುಟಮಿತಿ ಮೀರಿರುವುದರಿಂದ ಅದಕ್ಕೆ ಉತ್ತರ ಕೊಟ್ಟಿಲ್ಲ.

ಓದುಗರಲ್ಲಿ ಒಂದು ವಿನಂತಿ: ಈ ಪ್ರಬಂಧ ನಂಬಿ ಟಿಕೆಟ್ ತೆಗೆಯಬೇಡಿ. ನಮ್ಮ ಶಿವನಿಗೆ ಹೋಗಬೇಕಾದವರು ನಾಗಪುರದ ಕಡೆ ಹೋಗದೆ, ಬೀರೂರಿನಿಂದ ಚಿಕ್ಕಜಾಜೂರಿನ ದಿಕ್ಕಿಗೆ ಹೊರಟು, ಅಜ್ಜಂಪುರ ದಾಟಿದ ಮೇಲೆ ಇಳಿಯಿರಿ.